ಹಿರಿಮೆಯ ಅಳತೆಗೋಲು

ತರಗತಿಯಲ್ಲಿ ಪ್ರತಿವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಎದ್ದುನಿಂತು ಕೇಳುವ ಪ್ರಶ್ನೆಯೊಂದಿದೆ: “ಪಂಪ ದೊಡ್ಡವನೋ, ಕುಮಾರವ್ಯಾಸ ದೊಡ್ಡವನೋ, ಸಾರ್?” ಅಧ್ಯಾಪಕನಾದ ಹೊಸದರಲ್ಲಿ ನಾನು ಇದಕ್ಕೆ ಧೈರ್ಯವಾಗಿ ಉತ್ತರ ಕೊಟ್ಟುಬಿಡುತ್ತಿದ್ದೆ. ಒಮ್ಮೆ ಪಂಪನೇ ದೊಡ್ಡವನೆಂದು ತೀರ್ಪಿತ್ತೆ. ಹುಡುಗ ಅದನ್ನು ಶ್ರದ್ಧೆಯಿಂದ ಬರೆದುಕೊಂಡ. ವರ್ಷದ ಕೊನೆಯಲ್ಲಿ ವಿಚಾರಿಸಿದರೆ ಅವನು ಕುಮಾರವ್ಯಾಸನನ್ನು ತೆರೆದೇ ನೋಡಿರಲಿಲ್ಲ. ಎರಡನೆಯ ಸ್ಥಾನದವನನ್ನು ಓದುವ ಅಗತ್ಯ ಅವನಿಗೆ ಕಂಡಿರಲಿಲ್ಲ. ಪಂಪನನ್ನೂ ಓದಿರಲಿಲ್ಲ, ಮೊದಲ ಸ್ಥಾನ ಹೇಗೂ ನಿಶ್ಚಯವಾಗಿತ್ತಲ್ಲ! ಆ ತಪ್ಪು ಹುಡುಗನದಲ್ಲ, ನನ್ನದು.

ಈ ಇಬ್ಬರು ಕವಿಗಳ ಭಾಷೆ ಒಂದು, ಎತ್ತಿಕೊಂಡ ಕಥೆಯೂ ಒಂದು. ಆದರೂ ಹತ್ತನೆಯ ಶತಮಾನದ ಪಂಪ ತನ್ನ ಅರಸನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು, ಭಾರತವನ್ನು ಚಂಪೂರೂಪದಲ್ಲಿ ಲೋಕವ್ಯವಹಾರದ ಕಾವ್ಯವಾಗಿ ಕಟ್ಟಿದ. ಕುಮಾರವ್ಯಾಸ ಅದನ್ನೇ ಭಾಮಿನಿ ಷಟ್ಪದಿಯಲ್ಲಿ ಕೃಷ್ಣನ ಕಥೆಯಾಗಿ ಹಾಡಿದ. ಒಬ್ಬನ ಅಳತೆಗೋಲಿನಿಂದ ಇನ್ನೊಬ್ಬನನ್ನು ಅಳೆದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಪಂಪ, ಪೊನ್ನ, ರನ್ನರನ್ನು ರತ್ನತ್ರಯರೆಂದು ಕರೆಯುವ ನಮ್ಮ ರೂಢಿಯಲ್ಲಿ ಒಂದು ವಿವೇಕವಿದೆ. ಅದು ರತ್ನಗಳನ್ನು ಗುರುತಿಸುತ್ತದೆ. ಅವುಗಳಿಗೆ ಅಂಕ ಹಾಕುವುದಿಲ್ಲ.

ಒಂದೇ ಕಥೆಯನ್ನು ಹೇಳಿದ ಇಬ್ಬರ ವಿಷಯದಲ್ಲಿಯೇ ಇಷ್ಟು ತೊಡಕಿರುವಾಗ, ಒಂದು ರಾಷ್ಟ್ರದ ಸಮಸ್ತ ಮಹನೀಯರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಏನಾದೀತು? 2002ರಲ್ಲಿ ಬ್ರಿಟನ್ನಿನ ಬಿಬಿಸಿ ಸಂಸ್ಥೆ ಈ ಸಾಹಸಕ್ಕೆ ಕೈಹಾಕಿ, ನೂರು ಮಂದಿ ಶ್ರೇಷ್ಠ ಬ್ರಿಟನ್ನರನ್ನು ಜನರ ಮತದಿಂದ ಆರಿಸಿತು. ಚರ್ಚಿಲ್ ಮೊದಲಿಗರಾದರು. ರೈಲುಮಾರ್ಗ, ಸೇತುವೆ, ಹಡಗುಗಳನ್ನು ನಿರ್ಮಿಸಿದ ಎಂಜಿನಿಯರ್ ಬ್ರೂನೆಲ್ ಎರಡನೆಯವನು. ಐದು ವರ್ಷಗಳ ಹಿಂದೆಯಷ್ಟೇ ಅಪಘಾತದಲ್ಲಿ ಮಡಿದಿದ್ದ ರಾಜಕುಮಾರಿ ಡಯಾನಾ ಮೂರನೆಯವರು. ಡಾರ್ವಿನ್, ಷೇಕ್ಸ್‌ಪಿಯರ್, ನ್ಯೂಟನ್ ಅನುಕ್ರಮವಾಗಿ ಅವರ ಹಿಂದೆ ನಿಂತರು. ಸೇತುವೆಯೊಂದು ನಾಟಕಕ್ಕಿಂತ ಎಷ್ಟು ಮೇಲು, ಗುರುತ್ವಾಕರ್ಷಣೆಯ ನಿಯಮಕ್ಕಿಂತ ಎಷ್ಟು ಮೇಲು ಎಂದು ಹೇಳಬಲ್ಲ ತಕ್ಕಡಿ ಯಾರ ಅಂಗಡಿಯಲ್ಲಿದೆ?

ಇದೊಂದು ವಿನೋದ, ಇದರಲ್ಲಿ ಕೆಡುಕೇನು ಎಂದು ಓದುಗರು ಕೇಳಬಹುದು. ಬ್ರಿಟನ್ನನ್ನು ನೋಡಿ ಅನೇಕ ದೇಶಗಳು ಇದೇ ಆಟವನ್ನು ಆಡಿದವು. 2007ರಲ್ಲಿ ಪೋರ್ಚುಗಲ್ಲಿನ ಸರದಿ ಬಂದಾಗ ವಿನೋದದ ಬಣ್ಣ ಕಳಚಿತು. ಅಲ್ಲಿ ಮೊದಲ ಸ್ಥಾನ ಪಡೆದವನು 1932ರಿಂದ 1968ರವರೆಗೆ ದೇಶವನ್ನು ಬಿಗಿಮುಷ್ಟಿಯಲ್ಲಿ ಹಿಡಿದಿದ್ದ ಸರ್ವಾಧಿಕಾರಿ ಸಾಲಜಾರ್. ಬಿದ್ದ ಮತಗಳಲ್ಲಿ ಅವನಿಗೆ ಸುಮಾರು ಶೇಕಡ 41. ಎರಡನೆಯವನು ಕಮ್ಯೂನಿಸ್ಟ್ ನಾಯಕ ಕುನ್ಯಾಲ್. ಸಾಲಜಾರನ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತು, 1960ರಲ್ಲಿ ಪೆನೀಷ್ ಕೋಟೆಯಿಂದ ತಪ್ಪಿಸಿಕೊಂಡವನು. ಮೂರನೆಯವನು ಸೌಜಾ ಮೆಂಡೆಸ್.

ಈ ಮೂರನೆಯ ಹೆಸರಿನ ಬಳಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. 1940ರ ಜೂನ್ ತಿಂಗಳಲ್ಲಿ ಈತ ಫ್ರಾನ್ಸಿನ ಬೋರ್ಡೊ ನಗರದಲ್ಲಿ ಪೋರ್ಚುಗಲ್ಲಿನ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದ. ಹಿಟ್ಲರನ ಸೈನ್ಯಕ್ಕೆ ಹೆದರಿ ಓಡಿಬಂದ ಯೆಹೂದ್ಯರೂ ಇತರ ನಿರಾಶ್ರಿತರೂ ಅವನ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಇಂಥವರಿಗೆ ಲಿಸ್ಬನ್ನಿನ ಅಪ್ಪಣೆಯಿಲ್ಲದೆ ಪ್ರವೇಶಪತ್ರ ಕೊಡಕೂಡದೆಂದು ಸರ್ಕಾರದ ಆಜ್ಞೆಯಿತ್ತು. ಸೌಜಾ ಮೆಂಡೆಸ್ ಆಜ್ಞೆಯನ್ನು ಬದಿಗಿಟ್ಟು ಸಾವಿರಾರು ಪತ್ರಗಳಿಗೆ ಸಹಿ ಹಾಕಿದ. ಆಗ ವಿದೇಶಾಂಗ ಖಾತೆಯನ್ನೂ ತಾನೇ ನೋಡಿಕೊಳ್ಳುತ್ತಿದ್ದ ಸಾಲಜಾರ್ ಅವನನ್ನು ಶಿಕ್ಷಿಸಿ ಹುದ್ದೆಯಿಂದ ದೂರವಿಟ್ಟ. ಸೌಜಾ ಮೆಂಡೆಸ್ 1954ರಲ್ಲಿ ಬಡತನದಲ್ಲಿ ತೀರಿಕೊಂಡ. 

ಶಿಕ್ಷಿಸಿದವನು ಒಂದನೆಯವನು, ಅವನ ಸೆರೆಯಾಳು ಎರಡನೆಯವನು, ಅವನಿಂದ ಶಿಕ್ಷೆಗೊಳಗಾದ ಸೇವಕ ಮೂರನೆಯವನು! ಈ ಮೂವರ ನಡುವಿನ ಅಂತರವನ್ನು ಶೇಕಡಾವಾರು ಲೆಕ್ಕ ಹೇಗೆ ತೋರಿಸೀತು? ಮತ ಹಾಕಿದವರಲ್ಲಿ ಕೆಲವರು ಸಾಲಜಾರನನ್ನು ಮೆಚ್ಚಿದ್ದಿರಬಹುದು, ಕೆಲವರು ಅಂದಿನ ರಾಜಕಾರಣದ ಮೇಲಿನ ಬೇಸರವನ್ನು ಹೀಗೆ ತೀರಿಸಿಕೊಂಡಿರಬಹುದು. ಪಟ್ಟಿ ಕಾರಣವನ್ನು ಕೇಳುವುದಿಲ್ಲ, ಅಂಕಿಯನ್ನಷ್ಟೇ ಹೇಳುತ್ತದೆ. ಅಧಿಕಾರದ ಗಾತ್ರವನ್ನೂ ಅಂತಃಕರಣದ ಎತ್ತರವನ್ನೂ ಅದು ಒಂದೇ ನಾಣ್ಯದಲ್ಲಿ ಎಣಿಸುತ್ತದೆ. ಕೆಡುಕು ಇರುವುದು ಇಲ್ಲಿ.

ನಮ್ಮ ದೇಶವೂ ಈ ಸಾಲಿಗೆ ಹೊರತಾಗಲಿಲ್ಲ. 2012ರಲ್ಲಿ ‘ಗಾಂಧಿಯವರ ತರುವಾಯದ ಶ್ರೇಷ್ಠ ಭಾರತೀಯ’ರನ್ನು ಆರಿಸುವ ಸಮೀಕ್ಷೆಯೊಂದು ನಡೆದು, ಡಾ. ಅಂಬೇಡ್ಕರ್ ಅವರು ಆಯ್ಕೆಯಾದರು. ಅವರ ಹಿರಿಮೆಗೆ ಈ ಆಯ್ಕೆಯಿಂದ ಸೇರಿದ್ದೇನೂ ಇಲ್ಲ. ಗಾಂಧಿಯವರನ್ನು ಸ್ಪರ್ಧೆಯ ಹೊರಗೆ ಕೂರಿಸಿ ಆಟವನ್ನು ಆರಂಭಿಸಿದ್ದೇ ಈ ಅಳತೆಯ ಸೋಲನ್ನು ಒಪ್ಪಿಕೊಂಡಂತೆ. ಗಾಂಧಿ ಮತ್ತು ಅಂಬೇಡ್ಕರರು ನಮಗೆ ಬಿಟ್ಟುಹೋಗಿರುವುದು ಒಂದು ಸ್ಪರ್ಧೆಯನ್ನಲ್ಲ, ಒಂದು ವಾದವನ್ನು. 1932ರ ಪೂನಾ ಒಪ್ಪಂದದ ಕಾಲದಲ್ಲಿ ಅವರ ನಡುವೆ ಎದ್ದ ಪ್ರಶ್ನೆಗಳು ಇಂದಿಗೂ ಉತ್ತರವನ್ನು ಬೇಡುತ್ತಿವೆ. ಒಬ್ಬರಿಗೆ ಗೆಲುವು ಕೊಟ್ಟು ಪುಸ್ತಕ ಮುಚ್ಚಿದರೆ ಆ ವಾದವನ್ನು ನಡೆಸುವವರು ಯಾರು?

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರರು, ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಅಧೋಗತಿಗೂ ಸರ್ವಾಧಿಕಾರಕ್ಕೂ ದಾರಿಯೆಂದು ಎಚ್ಚರಿಸಿದ್ದರು. ದೇಶಸೇವೆ ಮಾಡಿದ ಮಹನೀಯರಿಗೆ ಕೃತಜ್ಞರಾಗಿರುವುದು ತಪ್ಪಲ್ಲ, ಆದರೆ ಕೃತಜ್ಞತೆಗೂ ಒಂದು ಮಿತಿಯುಂಟು ಎಂಬುದು ಅವರ ಮಾತಿನ ಸಾರ. ನಾವು ಅವರನ್ನು ಶ್ರೇಷ್ಠರೆಂದು ಆರಿಸಿದೆವು. ಅವರ ಎಚ್ಚರಿಕೆಯನ್ನು ಎಷ್ಟು ಮಂದಿ ಓದಿದೆವು? ನನ್ನ ಹಳೆಯ ವಿದ್ಯಾರ್ಥಿ ಪಂಪನಿಗೆ ಮಾಡಿದ್ದೂ ಇದನ್ನೇ.

ಹಾಗೆಂದು ತಾರತಮ್ಯವೇ ಬೇಡವೆಂದು ನಾನು ಹೇಳುತ್ತಿಲ್ಲ. ಸಾಲಜಾರನೂ ಸೌಜಾ ಮೆಂಡೆಸನೂ ಒಂದೇ ಎನ್ನುವುದು ಔದಾರ್ಯವಲ್ಲ, ಕುರುಡು. ತೂಗಲೇಬೇಕು, ಆದರೆ ಏನನ್ನು ತೂಗುತ್ತಿದ್ದೇವೆ, ಏಕೆ ತೂಗುತ್ತಿದ್ದೇವೆ ಎಂಬುದನ್ನು ಮೊದಲು ಹೇಳಬೇಕು. ‘ಯಾರು ದೊಡ್ಡವರು’ ಎಂಬ ಪ್ರಶ್ನೆಗೆ ಬದಲಾಗಿ ‘ಯಾರಿಗೆ ನಾನು ಯಾವ ಋಣವನ್ನು ತೀರಿಸಬೇಕಾಗಿದೆ’ ಎಂದು ಕೇಳಿಕೊಂಡರೆ ಪಟ್ಟಿ ಬೇರೆಯಾಗುತ್ತದೆ. ಅದರಲ್ಲಿ ಮೊದಲಿಗರಿರುವುದಿಲ್ಲ, ಊರಿನವರಷ್ಟೇ ಬಲ್ಲ ಹೆಸರುಗಳೂ ಸೇರುತ್ತವೆ.

ಈ ವರ್ಷವೂ ಆ ಪ್ರಶ್ನೆ ಬಂತು. “ಇಬ್ಬರ ಕರ್ಣನನ್ನೂ ಓದಿಕೊಂಡು ಬಾರಮ್ಮ, ಆಮೇಲೆ ಮಾತನಾಡೋಣ” ಎಂದೆ. ತಿಂಗಳ ಮೇಲೆ ಹುಡುಗಿ ಬಂದಳು. ಕರ್ಣನ ಬಗ್ಗೆ ಗಂಟೆಗಟ್ಟಲೆ ಮಾತನಾಡಿದಳು. ಯಾರು ದೊಡ್ಡವರೆಂದು ಕೇಳುವುದನ್ನು ಮರೆತೇಬಿಟ್ಟಿದ್ದಳು.