ಪೊರೆ ದೀಪದ ಮುಖಕ್ಕೆ, ಗೂಬೆ ಬಲ್ಬಿನ ತಲೆಗೆ!

ಮಂಡ್ಯ: ಕತ್ತಲಾದ ಮೇಲೆ ನೂರಡಿ ರಸ್ತೆಯಲ್ಲಿ ಹತ್ತು ನಿಮಿಷ ನಿಂತು ಎದುರು ಬರುವ ಕಾರುಗಳ ಮುಖ ನೋಡಿದರೆ ಸಾಕು. ಹೊಸ ಕಾರಿನ ದೀಪ ಸ್ಫಟಿಕದ ಹಾಗೆ ಹೊಳೆಯುತ್ತದೆ. ಏಳೆಂಟು ವರ್ಷ ಬಿಸಿಲುಂಡ ಕಾರಿನ ದೀಪ ಪೊರೆ ಬಂದ ಕಣ್ಣಿನಂತೆ ಮಂಜು ಮಂಜು. ಮಾಲೀಕ ಮಾತ್ರ ‘ಬಲ್ಬು ವೀಕಾಗಿದೆ ಕಣ್ರೀ’ ಅಂತ ಅಂಗಡಿಗೆ ಓಡುತ್ತಾನೆ.

ಪಾಪ, ಬಲ್ಬಿನದು ಏನೂ ತಪ್ಪಿಲ್ಲ. ತಪ್ಪೆಲ್ಲ ಅದರ ಮುಂದಿರುವ ಲೆನ್ಸಿನದು. ಅದನ್ನು ಮನೆ ಅಂಗಳದಲ್ಲೇ ಸರಿ ಮಾಡಿಕೊಳ್ಳಬಹುದು.

ಗಾಜು ಹೋಗಿ ಪ್ಲಾಸ್ಟಿಕ್ಕು ಬಂತು

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ದುಂಡು ದೀಪಕ್ಕೆ ಗಾಜಿತ್ತು. ಕಲ್ಲು ಸಿಡಿದರೆ ಒಡೆಯುತ್ತಿತ್ತು ನಿಜ, ಬಿಸಿಲಿಗೆ ಹಳದಿಯಾಗುತ್ತಿರಲಿಲ್ಲ. ಈಗಿನ ಕಾರಿಗೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಹಗುರ, ಗಟ್ಟಿ, ಬೇಕಾದ ಆಕಾರಕ್ಕೆ ಬರುತ್ತದೆ. ಆದರೆ ಬಿಸಿಲಿನ ನೇರಳಾತೀತ ಕಿರಣ ಇದಕ್ಕೆ ಆಗಿಬರದು. ಅದಕ್ಕೇ ಕಾರ್ಖಾನೆಯಲ್ಲೇ ಮೇಲೊಂದು ತೆಳು ರಕ್ಷಣೆಯ ಲೇಪ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಲು, ಧೂಳು ತಿಂದು ಆ ಲೇಪ ಸವೆಯುತ್ತದೆ. ಆಮೇಲೆ ಪ್ಲಾಸ್ಟಿಕ್ಕು ಹಳದಿಗಟ್ಟುತ್ತದೆ.

ಅಮೆರಿಕದ ಎ.ಎ.ಎ. ಎಂಬ ಮೋಟಾರು ಸಂಘ 2018ರಲ್ಲಿ ಇದನ್ನು ಅಳೆದು ನೋಡಿತು. ಹಾಳಾದ ದೀಪದಿಂದ ಹೊಸದರ ನೂರಕ್ಕೆ 22 ಪಾಲು ಬೆಳಕಷ್ಟೇ ಬರಬಹುದು ಎಂದು ತಿಳಿಯಿತು. ಉಜ್ಜಿ ನಯ ಮಾಡಿದ ಮೇಲೆ ಅದು ಸುಮಾರು 70 ಪಾಲಿಗೆ ಏರಿತು.

ಕಬ್ಬಿನ ಗಾಡಿ ಕಾಣಬೇಕಲ್ಲ!

ಕಬ್ಬು ಅರೆಯುವ ಕಾಲದಲ್ಲಿ ಈ ಜಿಲ್ಲೆಯ ರಾತ್ರಿ ರಸ್ತೆ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಹಿಂದೆ ದೀಪವಿಲ್ಲದ ಎತ್ತಿನ ಗಾಡಿ, ಬಾಡಿ ಮೀರಿ ಚಾಚಿಕೊಂಡ ಕಬ್ಬಿನ ಟ್ರ್ಯಾಕ್ಟರು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ದಾರಿಗೆ ಬೈಕು, ಆಟೊ, ಟ್ರ್ಯಾಕ್ಟರು ಬರಬಾರದೆಂದು 2023ರ ಆಗಸ್ಟ್ 1ರಿಂದ ನಿಯಮವಾಯಿತು. ಅವೆಲ್ಲ ಪಕ್ಕದ ಸರ್ವಿಸ್ ರಸ್ತೆಗೆ ಇಳಿದವು. ಕೊನೆ ಬಸ್ಸಿಳಿದು ಊರ ಕಡೆ ನಡೆಯುವವರೂ ಅಲ್ಲೇ. ನಾಲೆ ಏರಿಯ ರಸ್ತೆಗಳ ಮಾತಂತೂ ಬೇಡವೇ ಬೇಡ.

ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಗಾಡಿ ಕಂಡು ಬ್ರೇಕಿಗೆ ಕಾಲು ಹೋಗಲು ಒಂದೂವರೆ ಸೆಕೆಂಡಾದರೆ 25 ಮೀಟರು ಆಗಲೇ ಮುಗಿಯಿತು. ನಿಲ್ಲುವುದು ಇನ್ನೂ ಮುಂದೆ. ಬೆಳಕು ಅಷ್ಟು ದೂರ ಹೋಗದಿದ್ದರೆ ಬ್ರೇಕು ಎಷ್ಟು ಚೆನ್ನಾಗಿದ್ದರೇನು ಬಂತು?

ದೊಡ್ಡ ಬಲ್ಬಿನ ದಡ್ಡತನ

60/55 ವಾಟಿನ ಜಾಗಕ್ಕೆ 100/90 ವಾಟಿನದನ್ನು ಸಿಕ್ಕಿಸಿದರೆ ಮುಗೀತು ಅನ್ನುವವರಿದ್ದಾರೆ. ಮಂಜಾದ ಲೆನ್ಸು ಬೆಳಕನ್ನು ನೆಟ್ಟಗೆ ಬಿಡದೆ ಎಲ್ಲ ಕಡೆ ಚೆಲ್ಲುತ್ತದೆ. ಹೀಗಾಗಿ ಹೆಚ್ಚಿನ ಬೆಳಕು ರಸ್ತೆಗಿಂತ ಎದುರು ಬರುವ ಬೈಕಿನವನ ಕಣ್ಣಿಗೇ ಹೊಡೆಯುತ್ತದೆ. ವೈರು, ಹೋಲ್ಡರು ಕಾದು ಕರಗುವ ಭಯ ಬೇರೆ.

ಹಲ್ಲಿನ ಪೇಸ್ಟು ಉಜ್ಜುವುದು ಇನ್ನೊಂದು ಮದ್ದು. ಅದರಲ್ಲಿ ನುಣ್ಣನೆ ಉಜ್ಜುಪುಡಿ ಇರುವುದರಿಂದ ಸ್ವಲ್ಪ ಹೊಳಪು ಬರುವುದು ಸುಳ್ಳಲ್ಲ. ಆದರೆ ಬಿಸಿಲಿಗೆ ಅಡ್ಡ ನಿಲ್ಲುವ ಗುಣ ಅದಕ್ಕಿಲ್ಲ, ಹೊಳಪು ಬಹಳ ದಿನ ನಿಲ್ಲದು. ಪೆಟ್ರೋಲು, ಥಿನ್ನರು ಹಾಕಿದರೆ ಪ್ಲಾಸ್ಟಿಕ್ಕೇ ಬಿರುಕು ಬಿಟ್ಟೀತು.

ಮಾಡುವ ಕ್ರಮ

ಮೊದಲು ಸೋಪು ನೀರಲ್ಲಿ ದೀಪ ತೊಳೆಯಬೇಕು. ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಕಾಗದದ ಅಂಟುಪಟ್ಟಿ ಹಚ್ಚಬೇಕು. ಪೇಂಟಿನ ಅಂಗಡಿಯಲ್ಲಿ ಸಿಗುವ ನೀರು ಕಾಗದ, ಅಂದರೆ ವಾಟರ್ ಪೇಪರು, ತರಬೇಕು. ತೀರ ಹಳದಿಯಾಗಿದ್ದರೆ 800ನೇ ನಂಬರಿನಿಂದ, ಇಲ್ಲವಾದರೆ 1000ದಿಂದ ಶುರು. ಕಾಗದ, ಲೆನ್ಸು ಎರಡೂ ಸದಾ ಒದ್ದೆಯಾಗಿರಬೇಕು. ಮೊದಲು ಹಳದಿ ನೀರು ಇಳಿಯುತ್ತದೆ. ಅದೇ ಹಳೆಯ ಲೇಪ. ನೀರು ಬೆಳ್ಳಗಾದ ಮೇಲೆ 1500, 2000, 3000 ಹೀಗೆ ನಯದ ಕಾಗದಕ್ಕೆ ಹೋಗಬೇಕು. ಒಂದು ಸಲ ಅಡ್ಡ ಉಜ್ಜಿದರೆ ಮುಂದಿನ ಸಲ ಉದ್ದ ಉಜ್ಜಿ. ಹಿಂದಿನ ಗೀರು ಹೋಯಿತೋ ಇಲ್ಲವೋ ತಿಳಿಯುತ್ತದೆ.

ಈ ಹಂತದಲ್ಲಿ ದೀಪ ಮೊದಲಿಗಿಂತಲೂ ಬಿಳಿಚಿಕೊಂಡು ಕಾಣುತ್ತದೆ. ಕೆಟ್ಟೇಹೋಯ್ತು ಅಂತ ಗಾಬರಿ ಬೀಳಬೇಡಿ. ಮೆತ್ತನೆ ಬಟ್ಟೆಯಲ್ಲಿ ಪಾಲಿಶಿಂಗ್ ಕಾಂಪೌಂಡು ಹಾಕಿ ತಿಕ್ಕಿದರೆ ಹೊಳಪು ಬರುತ್ತದೆ.

ಕೊನೆಯ ಕೆಲಸವೇ ಮುಖ್ಯ, ಬಹಳ ಜನ ಬಿಡುವುದೂ ಅದನ್ನೇ. ಹಳೆಯ ಲೇಪವನ್ನು ಕೈಯಾರೆ ತೆಗೆದಾಯಿತಲ್ಲ, ಈಗ ಪ್ಲಾಸ್ಟಿಕ್ಕು ಬರಿಮೈಲಿ ನಿಂತಿದೆ. ಲೆನ್ಸನ್ನು ಒರೆಸಿ ಪೂರ್ತಿ ಒಣಗಿಸಿ, ನೇರಳಾತೀತ ಕಿರಣ ತಡೆಯುವ ಲೇಪವನ್ನು ನೆರಳಲ್ಲಿ ನಿಲ್ಲಿಸಿ ಹಚ್ಚಬೇಕು. ಡಬ್ಬದ ಮೇಲೆ ಬರೆದಷ್ಟು ಹೊತ್ತು ನೀರು ಸೋಕಬಾರದು. ಇದನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಮೊದಲಿನ ಕತೆ.

ಎಲ್ಲಕ್ಕೂ ಇದೇ ಮದ್ದಲ್ಲ. ಒಳಗಡೆ ನೀರಿನ ಹನಿ ಕಂಡರೆ ಅದು ಸೀಲು ಬಿಟ್ಟ ಲಕ್ಷಣ. ಒಳಗಿನ ರಿಫ್ಲೆಕ್ಟರು ಸುಟ್ಟಿದ್ದರೆ, ಲೆನ್ಸು ಆಳಕ್ಕೆ ಬಿರಿದಿದ್ದರೆ ಉಜ್ಜಿ ಪ್ರಯೋಜನವಿಲ್ಲ, ದೀಪವನ್ನೇ ಬದಲಾಯಿಸಬೇಕು.

ಕೇಳುವವರು ಯಾರು?

ಬಾಡಿಗೆ ಕಾರಿಗಾದರೆ ಎಫ್.ಸಿ. ಪರೀಕ್ಷೆ ಉಂಟು. ಸ್ವಂತ ಕಾರಿಗೆ ನೋಂದಣಿಯಾದ ಮೇಲೆ 15 ವರ್ಷ ಆ ಗೊಡವೆ ಇಲ್ಲ. ದೀಪಕ್ಕೆ ಪೊರೆ ಬರುವುದು ಅದಕ್ಕಿಂತ ಎಷ್ಟೋ ಮೊದಲು. ಅಷ್ಟೂ ವರ್ಷ ನೋಡಿಕೊಳ್ಳಬೇಕಾದವನು ಮಾಲೀಕನೇ.

ಪರೀಕ್ಷೆ ಸುಲಭ. ರಾತ್ರಿ ಕಾರನ್ನು ಗೋಡೆಯೆದುರು ನಿಲ್ಲಿಸಿ ಡಿಮ್ ದೀಪ ಹಾಕಿ. ಬೆಳಕಿನ ಅಂಚು ಗೆರೆ ಎಳೆದಂತೆ ಕಂಡರೆ ಲೆನ್ಸು ಚೆನ್ನಾಗಿದೆ. ಹಿಟ್ಟು ಚೆಲ್ಲಿದ ಹಾಗೆ ಹರಡಿದರೆ ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಳ್ಳುವುದು ಒಳ್ಳೆಯದು. ಕತ್ತಲಲ್ಲಿ ಮುಂದೆ ಹೋಗುತ್ತಿರುವ ಗಾಡಿಯವನಿಗೂ ಮನೆಯಲ್ಲಿ ಕಾಯುವವರಿದ್ದಾರೆ.