ಗುದದ್ವಾರದ ತುರಿಕೆ: ವೈದ್ಯರು ಬರೆದುಕೊಟ್ಟ ಮುಲಾಮಿನ ಸರಿಯಾದ ಬಳಕೆ
(ಗ್ರಾಮ ಪಂಚಾಯತಿ ಸದಸ್ಯರ ತಿಳಿವಳಿಕೆಗಾಗಿ)

ಜ್ವರ ಬಂದರೆ, ಕೈಕಾಲು ನೋವಾದರೆ ಜನರು ನೆರೆಮನೆಯವರಿಗೂ ಹೇಳಿಕೊಳ್ಳುತ್ತಾರೆ. ಗುದದ್ವಾರದಲ್ಲಿ ತುರಿಕೆ, ಉರಿ, ಕಡಿತ ಕಾಣಿಸಿಕೊಂಡರೆ ಮನೆಯವರಿಗೂ ಹೇಳಿಕೊಳ್ಳುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ಬೆವರಿನಲ್ಲಿ ನೆಂದು ದುಡಿಯುವವರು, ರಬಕವಿ-ಬನಹಟ್ಟಿಯಲ್ಲಿ ದಿನವಿಡೀ ಮಗ್ಗದ ಮುಂದೆ ಕುಳಿತು ನೇಯುವವರು, ಅನಗವಾಡಿಯ ಬಳಿ ಘಟಪ್ರಭೆಯನ್ನು ದಾಟಿ ಸಾಗುವ ಹೆದ್ದಾರಿಯಲ್ಲಿ ಹಗಲಿರುಳು ವಾಹನ ನಡೆಸುವವರು, ಹೆರಿಗೆಯ ನಂತರದ ಬಾಣಂತಿಯರು, ಶಾಲೆಗೆ ಹೋಗುವ ಮಕ್ಕಳು ಹೀಗೆ ಯಾರಿಗೆ ಬೇಕಾದರೂ ಈ ತೊಂದರೆ ಬರಬಹುದು. ಸಂಕೋಚದ ಕಾರಣದಿಂದ ಹೆಚ್ಚಿನವರು ಆಸ್ಪತ್ರೆಗೆ ಹೋಗದೆ ಔಷಧ ಅಂಗಡಿಯಲ್ಲಿ "ಕಡಿತಕ್ಕೆ ಒಂದು ಟ್ಯೂಬು" ಎಂದು ಕೇಳಿ ತರುತ್ತಾರೆ. ಕೆಲವೊಮ್ಮೆ ಆ ಟ್ಯೂಬೇ ರೋಗವನ್ನು ಹೆಚ್ಚಿಸುತ್ತದೆ; ಕೆಲವೊಮ್ಮೆ ಒಳಗಿರುವ ಗಂಭೀರ ಕಾಯಿಲೆಯನ್ನು ಮರೆಮಾಡುತ್ತದೆ. ಆದುದರಿಂದ ಈ ವಿಷಯದಲ್ಲಿ ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ತುರಿಕೆಗೆ ಕಾರಣಗಳು

ತುರಿಕೆ ತಾನೇ ಒಂದು ರೋಗವಲ್ಲ. ಅದು ಒಂದು ಲಕ್ಷಣ. ಗುದದ್ವಾರದ ಸುತ್ತಲಿನ ಚರ್ಮ ಬಹಳ ತೆಳುವಾದುದು, ಸದಾ ಮಡಿಕೆಯೊಳಗೆ ಇರುವಂಥದು. ಅಲ್ಲಿ ತೇವ ಉಳಿದರೂ, ಮಲದ ಅಂಶ ಉಳಿದರೂ ಚರ್ಮ ಕೆರಳುತ್ತದೆ. ಬೆವರು, ಬಿಗಿಯಾದ ಒಳ ಉಡುಪು, ಪದೇ ಪದೇ ಆಗುವ ಭೇದಿ ಇದಕ್ಕೆ ಸಾಮಾನ್ಯ ಕಾರಣಗಳು. ಅತಿಯಾಗಿ ತೊಳೆಯುವುದೂ ಒಂದು ಕಾರಣವೆಂಬುದು ಹಲವರಿಗೆ ತಿಳಿದಿರುವುದಿಲ್ಲ. ಸಾಬೂನು, ಡೆಟಾಲಿನಂಥ ನಂಜುನಿರೋಧಕ ದ್ರಾವಣ, ಸುವಾಸನೆಯ ಪೌಡರು ಇವುಗಳನ್ನು ಹಚ್ಚಿ ಉಜ್ಜಿದಷ್ಟೂ ಚರ್ಮದ ಸಹಜ ಜಿಡ್ಡಿನಂಶ ಹೋಗಿ ಉರಿ ಹೆಚ್ಚುತ್ತದೆ.

ಇವಲ್ಲದೆ ಮೂಲವ್ಯಾಧಿ, ಮಲಬದ್ಧತೆಯಿಂದ ಗುದದ್ವಾರದಲ್ಲಿ ಉಂಟಾಗುವ ಬಿರುಕು, ಹುಳಕಡ್ಡಿ ಅಥವಾ ಗಜಕರ್ಣವೆಂದು ಕರೆಯಲಾಗುವ ಶಿಲೀಂಧ್ರ ಸೋಂಕು, ಕಜ್ಜಿ, ಸೋರಿಯಾಸಿಸ್, ಸಕ್ಕರೆ ಕಾಯಿಲೆ ಇವುಗಳಿಂದಲೂ ತುರಿಕೆ ಬರುತ್ತದೆ. ಕೆಲವರಲ್ಲಿ ಅತಿಯಾದ ಖಾರ, ಚಹಾ, ಕಾಫಿ, ಮದ್ಯ ತುರಿಕೆಯನ್ನು ಹೆಚ್ಚಿಸುತ್ತವೆ. ವಿರಳವಾಗಿ ಗುದದ್ವಾರದ ಅಥವಾ ಗುದನಾಳದ ಕ್ಯಾನ್ಸರ್ ಕೂಡ ಮೊದಲು ತುರಿಕೆ ಹಾಗೂ ರಕ್ತಸ್ರಾವದ ರೂಪದಲ್ಲಿಯೇ ಕಾಣಿಸಿಕೊಳ್ಳಬಹುದು. ಇಷ್ಟೊಂದು ಬೇರೆ ಬೇರೆ ಕಾರಣಗಳಿರುವಾಗ ಎಲ್ಲರಿಗೂ ಒಂದೇ ಮುಲಾಮು ಹೊಂದುವುದಿಲ್ಲ. ಒಬ್ಬರಿಗೆ ಗುಣ ಕೊಟ್ಟ ಔಷಧ ಇನ್ನೊಬ್ಬರಿಗೆ ಹಾನಿ ಮಾಡುವುದೂ ಉಂಟು.

ಮಕ್ಕಳಲ್ಲಿ ರಾತ್ರಿಯ ತುರಿಕೆ

ಮಗುವು ರಾತ್ರಿ ಮಲಗಿದ ಮೇಲೆ ಗುದದ್ವಾರವನ್ನು ಕೆರೆದುಕೊಂಡು ಅಳುತ್ತಿದ್ದರೆ ಮೊದಲು ದಾರದಂಥ ಸಣ್ಣ ಬಿಳಿ ಹುಳುಗಳನ್ನು ಶಂಕಿಸಬೇಕು. ಹೆಣ್ಣು ಹುಳು ರಾತ್ರಿಯ ವೇಳೆ ಹೊರಬಂದು ಗುದದ್ವಾರದ ಸುತ್ತ ಮೊಟ್ಟೆಯಿಡುತ್ತದೆ. ಮಗು ಕೆರೆದುಕೊಂಡಾಗ ಮೊಟ್ಟೆಗಳು ಉಗುರಿನ ಸಂದಿಯಲ್ಲಿ ಸೇರಿ, ಬಾಯಿಗೆ, ಹಾಸಿಗೆಗೆ, ಮನೆಯ ಇತರರಿಗೆ ಹರಡುತ್ತವೆ. ಇದಕ್ಕೆ ಮೇಲೆ ಹಚ್ಚುವ ಮುಲಾಮು ಪರಿಹಾರವಲ್ಲ. ವೈದ್ಯರ ಸಲಹೆಯಂತೆ ಜಂತುಹುಳು ನಿವಾರಕ ಮಾತ್ರೆ ಬೇಕು. ಸಾಮಾನ್ಯವಾಗಿ ಮನೆಯವರೆಲ್ಲರೂ ಒಂದೇ ದಿನ ಮಾತ್ರೆ ತೆಗೆದುಕೊಂಡು, ಎರಡು ವಾರಗಳ ನಂತರ ಮತ್ತೊಮ್ಮೆ ತೆಗೆದುಕೊಳ್ಳಬೇಕಾಗುತ್ತದೆ. ಮೊದಲ ಮಾತ್ರೆಯಿಂದ ಹುಳುಗಳು ಸಾಯುತ್ತವೆ. ಮೊಟ್ಟೆಗಳು ಉಳಿದುಕೊಳ್ಳುವುದರಿಂದ ಎರಡನೆಯ ಮಾತ್ರೆ ಅವಶ್ಯಕ. ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಮಾತ್ರೆ ತೆಗೆದುಕೊಳ್ಳಬಾರದು.

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದಡಿ 1ರಿಂದ 19 ವರ್ಷದವರಿಗೆ ಶಾಲೆ ಹಾಗೂ ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ನೀಡಲಾಗುತ್ತದೆ. 2 ವರ್ಷ ಮೇಲ್ಪಟ್ಟವರಿಗೆ 400 ಮಿಲಿಗ್ರಾಂ, 1ರಿಂದ 2 ವರ್ಷದವರಿಗೆ 200 ಮಿಲಿಗ್ರಾಂ ಪ್ರಮಾಣ ನಿಗದಿಯಾಗಿದೆ. ಆ ದಿನ ಗೈರುಹಾಜರಾದ ಮಕ್ಕಳಿಗೂ ಮಾತ್ರೆ ತಲುಪುವಂತೆ ನೋಡಿಕೊಳ್ಳುವುದರಲ್ಲಿ, ವಿಶೇಷವಾಗಿ ಕಬ್ಬು ಕಡಿಯಲು ವಲಸೆ ಬಂದ ಕುಟುಂಬಗಳ ಮಕ್ಕಳ ವಿಷಯದಲ್ಲಿ, ಸದಸ್ಯರ ನೆರವು ಬೇಕಾಗುತ್ತದೆ.

ವೈದ್ಯರು ಬರೆದುಕೊಡುವ ಮುಲಾಮುಗಳು

ಪರೀಕ್ಷೆಯ ನಂತರ ವೈದ್ಯರು ಕಾರಣಕ್ಕೆ ತಕ್ಕಂತೆ ಬೇರೆ ಬೇರೆ ಲೇಪನಗಳನ್ನು ಬರೆಯುತ್ತಾರೆ.

ಚರ್ಮವನ್ನು ಕಾಪಾಡುವ ಲೇಪನಗಳು: ಸತುವಿನ ಆಕ್ಸೈಡ್ ಇರುವ ಮುಲಾಮು, ಪೆಟ್ರೋಲಿಯಂ ಜೆಲ್ಲಿ ಮುಂತಾದವು. ಇವು ತೇವ ಮತ್ತು ಮಲದ ಅಂಶ ಚರ್ಮಕ್ಕೆ ತಾಗದಂತೆ ತಡೆಯುತ್ತವೆ.

ಸೌಮ್ಯ ಸ್ಟೀರಾಯ್ಡ್ ಮುಲಾಮು: ಶೇ. 1ರ ಹೈಡ್ರೋಕಾರ್ಟಿಸೋನ್ ಇದಕ್ಕೆ ಉದಾಹರಣೆ. ಕೆರಳಿ ಕೆಂಪಾದ ಚರ್ಮದ ಉರಿಯೂತವನ್ನು ಇದು ತಗ್ಗಿಸುತ್ತದೆ. ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳ ಅಲ್ಪಾವಧಿಗೆ ಮಾತ್ರ ಇದನ್ನು ಬರೆಯಲಾಗುತ್ತದೆ.

ಮರಗಟ್ಟಿಸುವ ಮುಲಾಮು: ಲಿಡೋಕೇನ್ ಇರುವ ಲೇಪನ ನೋವನ್ನು ಸ್ವಲ್ಪ ಕಾಲ ಅಡಗಿಸುತ್ತದೆ. ಕೆಲವರಿಗೆ ಈ ಬಗೆಯ ಔಷಧದಿಂದಲೇ ಅಲರ್ಜಿಯಾಗಿ ತುರಿಕೆ ಹೆಚ್ಚಬಹುದು.

ಶಿಲೀಂಧ್ರ ನಿವಾರಕ ಮುಲಾಮು: ಕ್ಲೋಟ್ರಿಮಜೋಲ್ ಮುಂತಾದವು. ತುರಿಕೆ ನಿಂತ ಕೂಡಲೇ ಬಿಡದೆ, ವೈದ್ಯರು ಹೇಳಿದ ಅವಧಿಯನ್ನು ಪೂರ್ಣಗೊಳಿಸಬೇಕು.

ಬಿರುಕಿಗೆ ಕೊಡುವ ಮುಲಾಮು: ಡಿಲ್ಟಿಯಾಜೆಮ್, ನಿಫೆಡಿಪಿನ್ ಅಥವಾ ನೈಟ್ರೋಗ್ಲಿಸರಿನ್ ಇರುವ ಲೇಪನಗಳು. ಇವು ಗುದದ್ವಾರದ ಬಿಗಿದ ಸ್ನಾಯುವನ್ನು ಸಡಿಲಿಸಿ ರಕ್ತಸಂಚಾರ ಹೆಚ್ಚಿಸುವುದರಿಂದ ಬಿರುಕು ಮಾಯುತ್ತದೆ. ನೈಟ್ರೋಗ್ಲಿಸರಿನ್‌ನಿಂದ ತಲೆನೋವು, ತಲೆಸುತ್ತು ಬರಬಹುದು. ಹೃದ್ರೋಗ ಅಥವಾ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು, ಲೈಂಗಿಕ ಶಕ್ತಿಗೆಂದು ಮಾತ್ರೆ ಸೇವಿಸುವವರು ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಎರಡೂ ಸೇರಿದರೆ ರಕ್ತದೊತ್ತಡ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು.

ಹಚ್ಚುವ ಕ್ರಮ

1. ಮಲವಿಸರ್ಜನೆಯ ನಂತರ ಬರೀ ನೀರಿನಿಂದ ಮೆತ್ತಗೆ ತೊಳೆಯಬೇಕು. ತುರಿಕೆಯಿರುವ ಜಾಗಕ್ಕೆ ಸಾಬೂನು ಬೇಡ.

2. ಮೃದುವಾದ ಹತ್ತಿಯ ಬಟ್ಟೆಯಿಂದ ಒತ್ತಿ ಒರೆಸಬೇಕು, ಉಜ್ಜಬಾರದು. ಒದ್ದೆ ಚರ್ಮಕ್ಕೆ ಮುಲಾಮು ಹಚ್ಚಬಾರದು.

3. ಹಚ್ಚುವ ಮೊದಲೂ ಹಚ್ಚಿದ ನಂತರವೂ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಉಗುರು ಕತ್ತರಿಸಿರಬೇಕು.

4. ಬಟಾಣಿ ಕಾಳಿನಷ್ಟು ಮುಲಾಮು ಸಾಕು. ಅದನ್ನು ತೆಳುವಾಗಿ ಸವರಬೇಕು. ದಪ್ಪಗೆ ಹಚ್ಚಿದರೆ ಬೇಗ ಗುಣವಾಗುವುದಿಲ್ಲ. ತೇವ ಮಾತ್ರ ಉಳಿಯುತ್ತದೆ.

5. ಹೊರಗೆ ಹಚ್ಚಲು ಕೊಟ್ಟ ಮುಲಾಮನ್ನು ಒಳಗೆ ಹಾಕಬಾರದು. ಒಳಗೆ ಹಾಕಬೇಕಾದ ಔಷಧಕ್ಕೆ ಪ್ರತ್ಯೇಕ ನಳಿಕೆ ಇರುತ್ತದೆ. ಅದರ ಬಳಕೆಯನ್ನು ಶುಶ್ರೂಷಾಧಿಕಾರಿಯಿಂದ ಕೇಳಿ ತಿಳಿಯಬೇಕು.

6. ದಿನಕ್ಕೆ ಎಷ್ಟು ಬಾರಿ, ಎಷ್ಟು ದಿನ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆ ಅದನ್ನು ವಿವರಿಸಿ ಹೇಳಬಹುದು.

7. ಒಬ್ಬರ ಟ್ಯೂಬನ್ನು ಇನ್ನೊಬ್ಬರು ಬಳಸಬಾರದು. ಹಿಂದಿನ ವರ್ಷ ಉಳಿದದ್ದನ್ನು ಪುನಃ ಹಚ್ಚಬಾರದು.

8. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಸಕ್ಕರೆ ಕಾಯಿಲೆಯವರು ತಮ್ಮ ಸ್ಥಿತಿಯನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಮುಲಾಮಿನ ಜೊತೆಗೆ ಹೊಟ್ಟೆಯ ಕಡೆಗೂ ಗಮನ ಬೇಕು. ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಹಸಿ ಸೌತೆಕಾಯಿ, ಮೂಲಂಗಿ ಇವುಗಳಲ್ಲಿ ನಾರಿನಂಶ ಸಾಕಷ್ಟಿದೆ. ಇವುಗಳೊಂದಿಗೆ ಸಾಕಷ್ಟು ನೀರು ಕುಡಿದರೆ ಮಲ ಗಟ್ಟಿಯಾಗುವುದಿಲ್ಲ. ತುರಿಕೆ ಇರುವಷ್ಟು ದಿನ ಕೆಂಪು ಖಾರ, ಚಹಾ ಕಡಿಮೆ ಮಾಡಿ ನೋಡುವುದು ಒಳಿತು. ಸಡಿಲವಾದ ಹತ್ತಿಯ ಒಳ ಉಡುಪು ಧರಿಸಿ, ಹೊಲದಿಂದ ಬಂದ ಕೂಡಲೇ ಬೆವರಿದ ಬಟ್ಟೆಯನ್ನು ಬದಲಿಸಬೇಕು.

ಚೀಟಿಯಿಲ್ಲದೆ ಕೊಳ್ಳುವ ಮಿಶ್ರ ಮುಲಾಮಿನ ಅಪಾಯ

ಔಷಧ ಅಂಗಡಿಗಳಲ್ಲಿ ಕಡಿತಕ್ಕೆಂದು ಮಾರಾಟವಾಗುವ ಹಲವು ಟ್ಯೂಬುಗಳಲ್ಲಿ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್‌ನಂಥ ಪ್ರಬಲ ಸ್ಟೀರಾಯ್ಡ್, ಒಂದು ಪ್ರತಿಜೀವಕ ಮತ್ತು ಒಂದು ಶಿಲೀಂಧ್ರ ನಿವಾರಕ ಈ ಮೂರೂ ಬೆರೆತಿರುತ್ತವೆ. ಹಚ್ಚಿದ ಎರಡೇ ದಿನದಲ್ಲಿ ತುರಿಕೆ ನಿಂತಂತೆ ತೋರುತ್ತದೆ. ಜನರು ಅದನ್ನು ಒಳ್ಳೆಯ ಔಷಧವೆಂದು ನಂಬುತ್ತಾರೆ. ವಾಸ್ತವದಲ್ಲಿ ಸ್ಟೀರಾಯ್ಡ್ ಉರಿಯೂತವನ್ನು ಮಾತ್ರ ಅಡಗಿಸಿರುತ್ತದೆ. ಶಿಲೀಂಧ್ರ ಒಳಗೊಳಗೇ ಹರಡುತ್ತಿರುತ್ತದೆ. ಟ್ಯೂಬು ಬಿಟ್ಟೊಡನೆ ತುರಿಕೆ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಮತ್ತೆ ಅದೇ ಟ್ಯೂಬು ತರಲಾಗುತ್ತದೆ. ಹೀಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಿರುಕು ಬಿಡುತ್ತದೆ, ತೊಡೆಯ ಸಂದಿಯಲ್ಲಿ ಮಾಯದ ಗೆರೆಗಳು ಮೂಡುತ್ತವೆ. ದೇಶದಾದ್ಯಂತ ಹುಳಕಡ್ಡಿ ಸಾಮಾನ್ಯ ಔಷಧಗಳಿಗೆ ಬಗ್ಗದಂತಾಗಿರುವುದಕ್ಕೆ ಇಂತಹ ಮಿಶ್ರ ಮುಲಾಮುಗಳ ದುರ್ಬಳಕೆಯೂ ಒಂದು ಕಾರಣವೆಂದು ಚರ್ಮರೋಗ ತಜ್ಞರು ಎಚ್ಚರಿಸುತ್ತಾ ಬಂದಿದ್ದಾರೆ.

ಈ ಕಾರಣದಿಂದಲೇ ಕೇಂದ್ರ ಆರೋಗ್ಯ ಸಚಿವಾಲಯವು 2018ರ ಮಾರ್ಚ್ ತಿಂಗಳಿನಲ್ಲಿ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ಔಷಧ ನಿಯಮಗಳ ಅನುಸೂಚಿ 'ಎಚ್'ಗೆ ಸೇರಿಸಿತು. ಈ ಅನುಸೂಚಿಯ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಈ ನಿಯಮ ಗ್ರಾಹಕರಿಗೂ ಅಂಗಡಿಯವರಿಗೂ ತಿಳಿದಿದ್ದರೆ ಮಾತ್ರ ಅದರಿಂದ ಪ್ರಯೋಜನವಾಗುತ್ತದೆ.

ಮುಲಾಮು ಸಾಲದ ಸಂದರ್ಭಗಳು

ಕೆಳಗಿನ ಯಾವುದೇ ಲಕ್ಷಣ ಕಂಡುಬಂದರೆ ಮನೆಯಲ್ಲಿ ಮುಲಾಮು ಹಚ್ಚುತ್ತಾ ಕುಳಿತುಕೊಳ್ಳದೆ ವೈದ್ಯರಲ್ಲಿಗೆ ಹೋಗಬೇಕು: ಮಲದೊಂದಿಗೆ ರಕ್ತ ಬೀಳುವುದು ಅಥವಾ ಮಲ ಕಪ್ಪಾಗುವುದು; ಗುದದ್ವಾರದಲ್ಲಿ ಗಂಟು, ಮಾಯದ ಹುಣ್ಣು ಅಥವಾ ಕೀವು; ಜ್ವರದೊಂದಿಗೆ ತೀವ್ರ ನೋವು; ಕಾರಣವಿಲ್ಲದೆ ತೂಕ ಇಳಿಯುವುದು; ಮಲವಿಸರ್ಜನೆಯ ಅಭ್ಯಾಸ ಕೆಲವು ವಾರಗಳಿಂದ ಬದಲಾಗಿರುವುದು; ಎರಡು ವಾರ ಔಷಧ ಹಚ್ಚಿದರೂ ತುರಿಕೆ ತಗ್ಗದಿರುವುದು.

ರಕ್ತ ಬಿದ್ದರೆ "ಅದು ಮೂಲವ್ಯಾಧಿಯೇ" ಎಂದು ತೀರ್ಮಾನಿಸುವ ರೂಢಿ ಹಳ್ಳಿಗಳಲ್ಲಿ ಇದೆ. ಅನೇಕ ಸಲ ಅದು ನಿಜವೂ ಇರಬಹುದು. ಆದರೆ ಗುದನಾಳದ ಕ್ಯಾನ್ಸರಿನಲ್ಲಿಯೂ ರಕ್ತ ಬೀಳುತ್ತದೆ. ವೈದ್ಯರು ಬೆರಳಿನಿಂದ ಮಾಡುವ ಕೆಲವೇ ನಿಮಿಷಗಳ ಸರಳ ಪರೀಕ್ಷೆ ಗಂಟಿನ ಸುಳಿವನ್ನು ಕೊಡಬಲ್ಲದು. ಆ ಪರೀಕ್ಷೆಗೆ ನಾಚಿಕೊಂಡು ಒಂದು ವರ್ಷ ಕಳೆದರೆ, ಗುಣವಾಗಬಹುದಾಗಿದ್ದ ಕಾಯಿಲೆ ಕೈಮೀರುತ್ತದೆ. ನಾಮಫಲಕವೊಂದನ್ನೇ ನಂಬಿ ಮೂಲವ್ಯಾಧಿಗೆ ಇಂಜೆಕ್ಷನ್ ಅಥವಾ ಸುಡುವ ಔಷಧ ಹಾಕಿಸಿಕೊಂಡು, ಗುದದ್ವಾರ ಕಿರಿದಾಗಿ ಅಥವಾ ಮಲದ ಹಿಡಿತ ತಪ್ಪಿ ಜೀವನವಿಡೀ ನರಳುವ ಅಪಾಯವೂ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಪ್ರತಿಯೊಂದು ಖಾಸಗಿ ಚಿಕಿತ್ಸಾಲಯವೂ ನೋಂದಣಿ ಹೊಂದಿರಬೇಕು.

ಗ್ರಾಮ ಪಂಚಾಯತಿಯಿಂದ ಆಗಬಹುದಾದ ಕಾರ್ಯಗಳು

ಅ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮಾಸಿಕ ಸಭೆಯಲ್ಲಿ ಈ ವಿಷಯವನ್ನು ಒಮ್ಮೆ ಚರ್ಚೆಗೆ ತರುವುದು. ಮಹಿಳೆಯರಿಗೆ ಪ್ರತ್ಯೇಕವಾಗಿ ಆಶಾ ಕಾರ್ಯಕರ್ತೆ ಹಾಗೂ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿಯಿಂದ ತಿಳಿವಳಿಕೆ ಕೊಡಿಸುವುದು.

ಆ) ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಂತಹ ರೋಗಿಗಳ ಪರೀಕ್ಷೆಗೆ ಪರದೆಯಿರುವ ಪ್ರತ್ಯೇಕ ಜಾಗ ಇದೆಯೇ, ಮಹಿಳಾ ರೋಗಿಯ ಪರೀಕ್ಷೆಯ ವೇಳೆ ಮಹಿಳಾ ಸಿಬ್ಬಂದಿ ಜೊತೆಗಿರುತ್ತಾರೆಯೇ ಎಂದು ವಿಚಾರಿಸುವುದು. ಪರದೆಯಂಥ ಅಲ್ಪ ವೆಚ್ಚದ ಸೌಲಭ್ಯಕ್ಕೆ ಹಣವಿಲ್ಲವೆಂಬ ಕಾರಣ ಉಳಿಯಬಾರದು.

ಇ) ಶಾಲೆ, ಅಂಗನವಾಡಿ ಮತ್ತು ಸಮುದಾಯ ಶೌಚಾಲಯಗಳಲ್ಲಿ ನೀರು ಹಾಗೂ ಕೈ ತೊಳೆಯುವ ಸಾಬೂನು ನಿರಂತರವಾಗಿ ಇರುವಂತೆ ನೋಡಿಕೊಳ್ಳುವುದು. ಶೌಚಾಲಯವಿದ್ದು ನೀರಿಲ್ಲದಿದ್ದರೆ ಈ ತೊಂದರೆ ತಪ್ಪುವುದಿಲ್ಲ.

ಈ) ಚೀಟಿಯಿಲ್ಲದೆ ಸ್ಟೀರಾಯ್ಡ್ ಮುಲಾಮು ಕೊಡದಂತೆ ಊರಿನ ಔಷಧ ಅಂಗಡಿಯವರಿಗೆ ಸೌಜನ್ಯದಿಂದ ತಿಳಿಹೇಳುವುದು. ನೋಂದಣಿಯಿಲ್ಲದ ಚಿಕಿತ್ಸಾಲಯಗಳ ಬಗ್ಗೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ತರುವುದು.

ಉ) ದೂರದ ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಆರೋಗ್ಯ ಉಪಕೇಂದ್ರದಲ್ಲಿ ಇ-ಸಂಜೀವಿನಿ ದೂರವೈದ್ಯ ಸೇವೆಯ ಮೂಲಕ ವೈದ್ಯರೊಂದಿಗೆ ಮಾತನಾಡಬಹುದೆಂದು ತಿಳಿಸುವುದು. ರಕ್ತಸ್ರಾವ ಅಥವಾ ಗಂಟು ಇದ್ದವರನ್ನು ಮಾತ್ರ ನೇರ ಪರೀಕ್ಷೆಗೇ ಕಳುಹಿಸಬೇಕು.

ಯಾರ ಹೆಸರನ್ನೂ ಸಭೆಯಲ್ಲಿ ಎತ್ತದೆ, ಯಾರ ಕಾಯಿಲೆಯನ್ನೂ ಹಾಸ್ಯದ ವಿಷಯವಾಗಿಸದೆ ಈ ಕಾರ್ಯಗಳನ್ನು ನಡೆಸುವುದು ಅವಶ್ಯ. ಗೌಪ್ಯತೆ ಕಾಪಾಡಲಾಗುತ್ತದೆ ಎಂಬ ನಂಬಿಕೆ ಮೂಡಿದರೆ ಜನರು ಟ್ಯೂಬಿಗಾಗಿ ಅಂಗಡಿಗೆ ಹೋಗುವ ಮೊದಲು ಆಸ್ಪತ್ರೆಗೆ ಬರುತ್ತಾರೆ. ಮುಂದಿನ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿಕೊಂಡು, ಶಾಲೆ ಮತ್ತು ಅಂಗನವಾಡಿಗಳ ನೀರು-ಸಾಬೂನಿನ ಸ್ಥಿತಿಯನ್ನು ಅಂದೇ ಪರಿಶೀಲಿಸುವುದು ಅಪೇಕ್ಷಣೀಯ.