ಮನ್ರೋ ಸಾಹೇಬರು ಮತ್ತು ನಮ್ಮ ಹೊಲದ ಪಹಣಿ



ಸಮಾಜ ಪಾಠದಲ್ಲಿ ‘ರೈತವಾರಿ ಪದ್ಧತಿಯನ್ನು ಜಾರಿಗೆ ತಂದವರು ಥಾಮಸ್ ಮನ್ರೋ’ ಎಂದು ಒಂದೇ ಸಾಲು ಬರುತ್ತದೆ. ಒಂದು ಅಂಕದ ಪ್ರಶ್ನೆ ಅಂತ ಬರೆದು ಮರೆತುಬಿಡ್ತೀವಿ. ಆದರೆ ಇವರು ನಮ್ಮ ಬಳ್ಳಾರಿ ಸೀಮೆಯನ್ನೇ ಏಳು ವರ್ಷ ನೋಡಿಕೊಂಡವರು. ನಮ್ಮೂರಿನ ಹೊಲಗಳಿಗೂ ಇವರಿಗೂ ಸಂಬಂಧ ಉಂಟು.

ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ. ತಂದೆ ಅಮೆರಿಕದ ಜೊತೆ ವ್ಯಾಪಾರ ಮಾಡುತ್ತಿದ್ದರು. ಅಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಗಿ ವ್ಯಾಪಾರ ಮುಳುಗಿತು. ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ 1780ರಲ್ಲಿ ಮದ್ರಾಸಿಗೆ ಬಂದಿಳಿದರು. ಅದೇ ವರ್ಷ ಹೈದರಾಲಿಯ ಮೇಲೆ ಯುದ್ಧ. ಆಮೇಲೆ ಟಿಪ್ಪುವಿನ ಮೇಲೂ ಯುದ್ಧ ಮಾಡಿದರು.

1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಪ್ರದೇಶ, ಅಂದರೆ ಈಗಿನ ತಮಿಳುನಾಡಿನ ಧರ್ಮಪುರಿ, ಕೃಷ್ಣಗಿರಿ ಕಡೆಯ ಸೀಮೆ, ಕಂಪನಿಗೆ ಸಿಕ್ಕಿತು. ಅಲ್ಲಿ ಅಲೆಕ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಮನ್ರೋ ಕಂದಾಯದ ಕೆಲಸ ಕಲಿತರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕರಾವಳಿಯ ಕೆನರಾ ಜಿಲ್ಲೆಗೆ ಕಲೆಕ್ಟರ್ ಆದರು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಇಲ್ಲಿಗೆ ಬಂದರು. ಪಾಳೇಗಾರರನ್ನು ಅಡಗಿಸಿದರು. ಊರೂರು ತಿರುಗಿ ಡೇರೆಯಲ್ಲೇ ಇದ್ದು ಹೊಲಗಳನ್ನು ಅಳೆಯಿಸಿದರು.

ಹಾಗಾದರೆ ರೈತವಾರಿ ಎಂದರೇನು? ಬಂಗಾಳದಲ್ಲಿ 1793ರಿಂದ ಜಮೀನ್ದಾರರು ರೈತರಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುತ್ತಿದ್ದರು. ಮನ್ರೋ ಹೇಳಿದ್ದು, ನಡುವೆ ಜಮೀನ್ದಾರ ಬೇಡ ಅಂತ. ಹೊಲ ಅಳೆದು, ಉಳುವ ರೈತನ ಹೆಸರನ್ನೇ ಲೆಕ್ಕದಲ್ಲಿ ಬರೆದು, ಅವನಿಂದ ನೇರವಾಗಿ ಕಂದಾಯ ತಗೊಳ್ಳಬೇಕು. ಪಹಣಿ ಈಗ ಕಂಪ್ಯೂಟರಿನಿಂದ ಬಂದರೂ ಹೊಲ, ಅಳತೆ, ರೈತನ ಹೆಸರು, ಕಂದಾಯ ಒಟ್ಟಿಗೆ ಇರುವ ಆ ರೀತಿ ಅದರಲ್ಲಿ ಉಳಿದಿದೆ.

ಇಷ್ಟು ಓದಿ ‘ಭಾಳ ಒಳ್ಳೆಯವರು’ ಅಂದುಬಿಡಬೇಡಿ. ಕಂದಾಯ ಬಹಳ ಭಾರವಾಗಿತ್ತು. ಬೆಳೆದದ್ದರಲ್ಲಿ ಅರ್ಧಕ್ಕೆ ಹತ್ತಿರ ಸರ್ಕಾರಕ್ಕೇ ಹೋಗುತ್ತಿತ್ತು, ಅದೂ ದುಡ್ಡಿನ ರೂಪದಲ್ಲಿ. ಮಳೆ ಕೈಕೊಡುವ ನಮ್ಮ ಸೀಮೆಯಲ್ಲಿ ಇದರ ಕಷ್ಟ ಏನು ಅಂತ ನಮ್ಮ ಮನೆಗಳಲ್ಲಿ ಬಿಡಿಸಿ ಹೇಳಬೇಕಿಲ್ಲ. ಮನ್ರೋಗೂ ಇದು ತಿಳಿದಿತ್ತು. 1807ರಲ್ಲಿ ಕಂದಾಯವನ್ನು ಕಾಲು ಭಾಗ ಇಳಿಸಿ ಅಂತ ಬರೆದರು. ಮೇಲಿನವರು ಒಪ್ಪಲಿಲ್ಲ, ರೈತವಾರಿಯನ್ನೇ ಬಿಟ್ಟು ಊರುಗಳನ್ನು ಗುತ್ತಿಗೆಗೆ ಕೊಟ್ಟರು. ಮನ್ರೋ 1820ರಲ್ಲಿ ಮದ್ರಾಸಿನ ಗವರ್ನರ್ ಆದ ಮೇಲೆಯೇ ರೈತವಾರಿಯೂ ಕಡಿತವೂ ಬಂದವು. ನಡುವಿನ ಆ ವರ್ಷಗಳಲ್ಲಿ ಎಷ್ಟು ರೈತರು ಹೊಲ ಬಿಟ್ಟಿರಬೇಕು!

ಇನ್ನೊಂದು ವಿಷಯ ನಮ್ಮಂಥ ಮಕ್ಕಳಿಗೆ ಸೇರಿದ್ದು. 1822ರಲ್ಲಿ ಮನ್ರೋ ಊರ ಶಾಲೆಗಳನ್ನು ಎಣಿಸಲು ಆಜ್ಞೆ ಮಾಡಿದರು. ಇಡೀ ಮದ್ರಾಸ್ ಪ್ರಾಂತ್ಯದಲ್ಲಿ 12,498 ಶಾಲೆಗಳು ಸಿಕ್ಕವು. ಬಳ್ಳಾರಿ ಜಿಲ್ಲೆಯಲ್ಲಿ 533. ನಮ್ಮ ಜಿಲ್ಲೆಯ ಕಲೆಕ್ಟರ್ ಕ್ಯಾಂಪ್ಬೆಲ್ ತಮ್ಮ ವರದಿಯಲ್ಲಿ, ಬಡತನದಿಂದ ಜನ ಮಕ್ಕಳನ್ನು ಓದಿಸಲಾರದೆ ಹೋಗಿದ್ದಾರೆ ಎಂದು ತಿಳಿಸಿದರು. ಬ್ರಿಟಿಷರು ಬರುವ ಮುಂಚೆ ಇಲ್ಲಿ ಶಾಲೆಯೇ ಇರಲಿಲ್ಲ ಅನ್ನುವವರಿಗೆ ಈ ಲೆಕ್ಕವೇ ಉತ್ತರ.

1827ರಲ್ಲಿ ಊರಿಗೆ ಹೊರಡುವ ಮುಂಚೆ ಮನ್ರೋ ಈ ಸೀಮೆಯನ್ನು ಇನ್ನೊಮ್ಮೆ ನೋಡಲು ಬಂದರು. ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡರು. ಈ ಸೀಮೆಯಲ್ಲಿ ಎಷ್ಟೋ ಜನ ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟರಂತೆ.

ಕಂಪನಿಯ ಲಾಭಕ್ಕೆ ಬಂದ ಸಿಪಾಯಿ ಅವರು, ಅದು ಸುಳ್ಳಲ್ಲ. ಆದರೂ ರೈತನ ಹೆಸರನ್ನು ಕಾಗದದ ಮೇಲೆ ತಂದರು. ಎರಡೂ ನಿಜ ಅಂತ ನನಗೆ ಅನಿಸುತ್ತದೆ. ನಿಮಗೇನನಿಸುತ್ತದೆ? ಮನೆಯಲ್ಲಿ ಹಳೇ ಪಟ್ಟಾ, ಕಂದಾಯದ ರಶೀದಿ ಇದ್ದರೆ ಹಿರಿಯರನ್ನು ಕೇಳಿ ಓದಿರಿ. ಅದರಲ್ಲಿ ಏನಿದೆ ಅಂತ ಮುಂದಿನ ಸಂಚಿಕೆಗೆ ಬರೆದುಕೊಡಿರಿ.